ತಿಪ್ಪವ್ವನ ಬೇವಿನ ಪರೀಕ್ಷಾ

ಸಾಲೋಟಗಿ ಊರಿನ ತಿಪ್ಪವ್ವನ ಸೊಸಿ ಗುಂಡವ್ವ ಮುಂಜಾನೆ ಎತ್ತಿಗೆ ಹಾಕಾಕ ಬಣವ್ಯಾಗಿನ ಕಣಿಕಿ ಹಿರಿಯಾಕತ್ತಿದ್ದಳು. "ಅಯ್ಯಯ್ಯೋ, ಹಾವ!" ಅಂತ ಚೀರಿದಳು. ಮುಂಗೈ ಮ್ಯಾಲ ಎರಡು ಹನಿ ರಕ್ತ.

ತಿಪ್ಪವ್ವ ಓಡಿ ಬಂದವಳೇ ಬೇವಿನ ತಪ್ಪಲ ಹರಕೊಂಡು ಸೊಸಿ ಬಾಯಾಗ ತುರುಕಿದಳು. ಆಕೀ ಅತ್ತಿ ಕಾಲದಿಂದ ಬಂದ ಪರೀಕ್ಷಾ ಅದು. ಬೇವು ಕಹಿ ಹತ್ತಿದರ ವಿಷ ಏರಿಲ್ಲ, ಸಪ್ಪಗ ಹತ್ತಿದರ ಏರೈತಿ!

"ಹ್ಯಾಂಗೈತಿ?"

"ಥೂ, ಕಹಿ ಐತ್ರಿ ಅತ್ತಿ."

"ಹಂಗಾರ ಏನೂ ಆಗೂದಿಲ್ಲ ಬಿಡು. ಹೋಗಿ ಮಲಕೋ."

ಸ್ವಲ್ಪ ಹೊತ್ತಿಗೆ ಕೂಸುಗಳಿಗೆ ಸೂಜಿ ಹಾಕೂ ನರ್ಸಬಾಯಿ ರಮಜಾನಬಿ ಬಂದಳು. ಗುಂಡವ್ವನ ಕಣ್ಣರೆಪ್ಪಿ ಜೋತು ಬಿದ್ದದ್ದು ನೋಡಿ, ಹಾವ ಕಡದದ್ದು ಕೇಳಿ ತಿಳಕೊಂಡಳು.

"ಯವ್ವಾ, ಇದು ನಿದ್ದಿ ಅಲ್ರಿ, ವಿಷ! ಗಾಡಿ ಹೂಡಸ್ರಿ. ಇಂಡಿ ದವಾಖಾನಿಗೆ, ಚಂದವ್ವ ಡಾಕ್ಟರ ಹತ್ರ ಹೋಗೂಣು."

"ಯಾರು, ಹೊರ್ತಿ ಊರಿನ ಕುರಿ ಕಾಯೂ ಪರಸಪ್ಪನ ಮಗಳೇನ? ಕುರಿ ನಾನೂ ಕಾಯ್ದೇನಿ, ಡಾಕ್ಟರ ಆದ್ನೇನು? ಹೆರಿಗಿ ಬಿಟ್ಟರ ಆಕೀಗೆ ಏನ ತಿಳೀತೈತಿ?"

"ಹುಬ್ಬಳ್ಯಾಗ ಡಾಕ್ಟರಕಿ ಓದ್ಯಾರ. ವಿಜಾಪುರದ ದೊಡ್ಡ ದವಾಖಾನ್ಯಾಗ ನಾಕ ವರ್ಷ ಬರೇ ಇಂಥಾವರನ್ನ ನೋಡ್ಯಾರ: ಹಾವ ಕಡದವ್ರು, ಬಾವ್ಯಾಗ ಬಿದ್ದವ್ರು, ಸುಟಗೊಂಡವ್ರು. ಇಲ್ಲೂ ಅವರ ಹತ್ರ ಪಾಳಿ ಇಲ್ಲ, ಜೀವಕ್ಕ ಗಂಡಾಂತರ ಇದ್ದವ್ರೇ ಮೊದಲ. ನೋಡ್ರಿ, ಗುಂಡವ್ವನ ಮಾತೂ ತೊದಲಾಕತ್ತೈತಿ!"

ತಿಪ್ಪವ್ವನ ಜಂಬ ಅಲ್ಲೇ ಇಳೀತು. ಮಗ ಅಮಸಿದ್ದ ಗಾಡಿ ಹೂಡಿದ. ಗುಂಡವ್ವನ್ನ ನಡಸಲಿಲ್ಲ, ಹೊತ್ತುಕೊಂಡು ಬಂದು ಮಲಗಿಸಿದರು. ಕಡದ ಕೈ ಅಲುಗಾಡದಂಗ ತಿಪ್ಪವ್ವ ಹಿಡಕೊಂಡಳು. "ಮಲಕೋ ಅಂದೆನಲ್ಲ, ನನ್ನ ಬಾಯಾಗ ಮಣ್ಣ ಬೀಳಲಿ" ಅಂತ ದಾರಿ ತುಂಬ ಅತ್ತಳು.

ದವಾಖಾನ್ಯಾಗ ಚಂದವ್ವ ಡಾಕ್ಟರು ಕುಲ ಕೇಳಲಿಲ್ಲ, ಗೋತ್ರ ಕೇಳಲಿಲ್ಲ. "ಯಾವಾಗ ಕಡೀತು? ಏನ ಕೊಟ್ಟೀರಿ?" ಅಂದವರೇ ಹಾವಿನ ವಿಷ ಇಳಿಸೂ ಮದ್ದು ಸೂಜೀಲೆ ನರದಾಗ ಬಿಟ್ಟರು. ಗುಂಡವ್ವನ ಮಗ್ಗಲ ಬಿಟ್ಟು ಸರೀಲಿಲ್ಲ.

"ಬೇವು ಕಹಿ ಇತ್ರಿ ಡಾಕ್ಟರಬಾಯಾರ," ತಿಪ್ಪವ್ವ ಬಿಕ್ಕಿದಳು.

"ವಿಷ ಏರಿದ್ರೂ ಬೇವು ಕಹೀನ ಇರ್ತೈತಿ, ಯವ್ವಾ. ನಮ್ಮ ಮನ್ಯಾಗೂ ಇದೇ ಪರೀಕ್ಷಾ ಮಾಡಿದ್ರು. ನಮ್ಮಣ್ಣ ಉಳೀಲಿಲ್ಲ. ಅದಕ್ಕ ನಾ ಈ ಕೆಲಸಾ ಹಿಡದೆ."

ಸಂಜೀಕ ಗುಂಡವ್ವ ಕಣ್ಣ ತೆರೆದಳು. "ಅತ್ತಿ, ಬಾಯಿ ಇನ್ನೂ ಕಹಿ ಐತ್ರಿ" ಅಂದಳು. ತಿಪ್ಪವ್ವ ಅಳತಾನ ನಕ್ಕಳು.

ಅಕ್ಕಗಳಿರಾ, ಅಣ್ಣಗಳಿರಾ, ಹಾವು ಕಡದ್ರ ಕಡದ ಜಾಗಾ ಕೊಯ್ಯಬ್ಯಾಡ್ರಿ, ನಡಸಬ್ಯಾಡ್ರಿ, ಮಂತ್ರಕ್ಕ ಕಾಯಬ್ಯಾಡ್ರಿ. ನಿಮ್ಮದು ಇಂಡಿ ಇರಲಿ, ಸಿಂದಗಿ ಇರಲಿ, ಮುದ್ದೇಬಿಹಾಳ, ಬಾಗೇವಾಡಿ ಇರಲಿ, ಹತ್ತಿರದ ದವಾಖಾನ್ಯಾಗ ಡಾಕ್ಟರು ಯಾರು, ಯಾವಾಗ ಸಿಗ್ತಾರ, ಇವತ್ತ ಕೇಳಿ ತಿಳಕೊಳ್ರಿ. ಬೇವು ಯುಗಾದಿಗೆ ತಿನ್ರಿ. ಹಾವು ಕಡದ್ರ ಗಾಡಿ ಹೂಡ್ರಿ.