ತಂಗಡಿ ಹೂವಿಗೆ ಗೇಟ್ ಪಾಸ್

ನಜರ್‌ಬಾದಿನ ಸಸ್ಯಸಂಜೀವ ಸಂಶೋಧನಾ ಕೇಂದ್ರದ ಸಮಸ್ತ ವಿಜ್ಞಾನಿಗಳು, ಸಹಾಯಕರು, ಕಾವಲುಗಾರರು ಹಾಗೂ ಬೋನಿನಲ್ಲಿರುವ ಇಲಿಗಳ ಅವಗಾಹನೆಗೆ: ಬುಧವಾರ ಬೆಳಿಗ್ಗೆ ಹತ್ತು ಇಪ್ಪತ್ತರ ಸುಮಾರಿಗೆ ಪ್ರಯೋಗಾಲಯದ ಮಿಕ್ಸಿಯ ಚಟ್ನಿ ಜಾರಿನ ಮುಚ್ಚಳವು ಕಾಣೆಯಾಗಿದೆ. ಅದನ್ನು ಕೊನೆಯದಾಗಿ ಬಳಸಿದವರು, ಅಪ್ಪಣೆಯಿಲ್ಲದೆ ಕಳೆಗಿಡ ಪುಡಿ ಮಾಡಿದ ಸಹಾಯಕಿ ಧರಣಿ. ಸದರಿಯವರು ಲಿಖಿತ ಸಮಜಾಯಿಷಿ ನೀಡತಕ್ಕದ್ದು.

ಇದು ನಿರ್ದೇಶಕ ಕೃಷ್ಣಸ್ವಾಮಿಯವರ ನಲವತ್ತನೆಯ ಸುತ್ತೋಲೆ. ಧರಣಿ ಒಂದೇ ಸಾಲಿನ ಸಮಜಾಯಿಷಿ ಬರೆದಳು: ‘ಮುಚ್ಚಳವು ತಮ್ಮ ಮೇಜಿನ ಮೇಲೆ, ತಮ್ಮ ಕಾಫಿ ಲೋಟವನ್ನು ಮುಚ್ಚಿಕೊಂಡು ಕ್ಷೇಮವಾಗಿದೆ.’

ಕೃಷ್ಣಸ್ವಾಮಿಯವರು ಕಾಫಿ ಕುಡಿದರು. ಮುಚ್ಚಳ ವಾಪಸ್ ಬಂತು. ಕ್ಷಮೆ ಬರಲಿಲ್ಲ.

ಅಷ್ಟಕ್ಕೂ ಧರಣಿ ಪುಡಿ ಮಾಡಿದ್ದು ತಂಗಡಿ ಹೂ. ಬೋಗಾದಿಯಲ್ಲಿ ಮನೆ ಏಳದ ಸೈಟುಗಳಲ್ಲೆಲ್ಲ ಜಲ್ಲಿ ರಾಶಿಯ ಪಕ್ಕ ಹಳದಿಯಾಗಿ ಅರಳಿ ನಿಲ್ಲುವ ಹೂವದು. ಅವಳ ಅಜ್ಜಿ ಪುಟ್ಟಲಿಂಗಮ್ಮ ಸಕ್ಕರೆ ಕಾಯಿಲೆಯವರಿಗೆ ಅದರ ಕಷಾಯ ಕಾಸಿ ಕೊಡುತ್ತಿದ್ದರು. ಕಷಾಯದಲ್ಲಿ ನಿಜಕ್ಕೂ ಏನಿದೆ ಎಂದು ನೋಡಬೇಕು, ಅಜ್ಜಿ ಹೇಳಿದ್ದು ಸರಿಯೋ ತಪ್ಪೋ ಗೊತ್ತಾಗಬೇಕು, ಸರಿಯಾದರೆ ಅಜ್ಜಿಯ ಹೆಸರಿನಲ್ಲೇ ಗೊತ್ತಾಗಬೇಕು. ಧರಣಿಯ ಹಟ ಇಷ್ಟೇ.

ಕೇಂದ್ರದ ಪದ್ಧತಿಯಲ್ಲಿ ಪ್ರತಿ ಗಿಡದ ಒಂದು ರೆಂಬೆಯನ್ನು ಒಣಗಿಸಿ ಹಾಳೆಗೆ ಅಂಟಿಸಿ, ಕೆಳಗೆ ‘ಸಂಗ್ರಹಿಸಿದವರು’ ಎಂದು ಹೆಸರು ಬರೆಯಬೇಕು. ಬೇರೆಯವರು ಕಿತ್ತರೂ, ಕಾರಿನಲ್ಲಿ ಏಸಿ ಹಾಕಿಕೊಂಡು ಕೂತ ಕೃಷ್ಣಸ್ವಾಮಿಯವರ ಹೆಸರೇ ಅಲ್ಲಿ ಬೀಳುವುದು ವಾಡಿಕೆ. ಆದರೆ ತಂಗಡಿಯ ಹಾಳೆ ನೋಡಿ ಅವರಿಗೆ ನಗು ಬಂತು.

“ಏನಮ್ಮಾ, ಬೇಲಿ ಪಕ್ಕದ ಕಳೆಗೆಲ್ಲ ನನ್ನ ಹೆಸರಾ? ಯಾರು ಕಿತ್ತರೋ ಅವರ ಹೆಸರೇ ಬರ್ಕೊ.”

“ನಮ್ಮಜ್ಜಿ ಕಿತ್ತಿದ್ದು ಸಾರ್.”

“ಅಜ್ಜೀದೇ ಬರಿ. ನನಗೇನಂತೆ!” ಎಂದು ಠಪ್ಪನೆ ಮೊಹರು ಒತ್ತಿದರು.

‘ಸಂಗ್ರಹಿಸಿದವರು: ಪುಟ್ಟಲಿಂಗಮ್ಮ, ಬೋಗಾದಿ.’

ಆಮೇಲೆ ಆರು ತಿಂಗಳು. ನೆರಳಲ್ಲಿ ಒಣಗಿಸಿದ ಹೂವಿನ ಪುಡಿಯನ್ನು ಆಲ್ಕೋಹಾಲಿನಲ್ಲಿ ನೆನೆಹಾಕಿ, ಸೋಸಿ, ಆಲ್ಕೋಹಾಲನ್ನು ಆವಿ ಮಾಡಿ ತೆಗೆದಾಗ, ತಳದಲ್ಲಿ ಉಳಿದದ್ದು ಜೋನಿಬೆಲ್ಲದಂಥ ಅಂಟು. ಬೆಲ್ಲದ ಬಣ್ಣ, ಬೇವಿನ ಕಹಿ. ಅನ್ನ, ಮುದ್ದೆಗಳನ್ನು ಸಕ್ಕರೆಯಾಗಿ ಒಡೆಯುವ ಕಿಣ್ವದ ಜೊತೆ ಅದನ್ನು ಬೆರೆಸಿದಾಗ ಕಿಣ್ವದ ಕೆಲಸ ಅರ್ಧಕ್ಕರ್ಧ ನಿಂತುಹೋಯಿತು. ಮೂರು ಸಲ ಮಾಡಿದರೂ ಅದೇ ಫಲ.

ಕಳೆಗಿಡ ಎಂದವರ ಮುಖಕ್ಕೆ ಆ ದಿನ ಕಳೆ ಬಂತು. ಹೂವಿಗೆ ‘ಹೂಂ’ ಎನ್ನದಿದ್ದವರು ವಾರದೊಳಗೆ ಗೋಕುಲಂನ ಒಂದು ಕ್ಷೇಮಕೇಂದ್ರದ ಜೊತೆ ಮಾತು ಮುಗಿಸಿದರು. ಯೋಗ ಕಲಿಯಲು ಬಂದ ವಿದೇಶಿಯರ ಮುಂದೆ, ಶನಿವಾರ ಹನ್ನೊಂದು ಗಂಟೆಗೆ, ‘ಸ್ವರ್ಣಸಾರ’ ಅನಾವರಣ. ಬಾಟಲಿಯ ಚೀಟಿಯ ಮೇಲೆ ದಪ್ಪಕ್ಷರ: ‘ಶೋಧಕರು: ಕೃಷ್ಣಸ್ವಾಮಿ’.

ಧರಣಿ ಚೀಟಿ ಹಿಡಿದೇ ಒಳಗೆ ನುಗ್ಗಿದಳು.

“ಸಾರ್, ಇದು ಗಾಜಿನ ನಳಿಕೇಲಿ ಮಾತ್ರ ಕೆಲಸ ಮಾಡಿರೋದು. ಇನ್ನೂ ಇಲಿಗೂ ಕೊಟ್ಟಿಲ್ಲ, ಮನುಷ್ಯರಿಗೆ ಕೊಡ್ತೀರಾ?”

“ಅನಾವರಣ ಕಣಮ್ಮಾ, ಕುಡಿಸೋದಲ್ಲ. ಕುಡಿಸೋದು ಮುಂದಿನ ತಿಂಗಳು.”

“ನಮ್ಮಜ್ಜಿ ಹೆಸರೆಲ್ಲಿ?”

“ಚೀಟೀಲಿ ಜಾಗ ಇಲ್ಲ.”

“ನಿಮ್ಮ ಹೆಸರು ಸಣ್ಣಗೆ ಬರೆದ್ರೆ ಆಗುತ್ತೆ.”

“ಸೋಮವಾರದಿಂದ ನೀನು ಬರೋದು ಬೇಡ,” ಎಂದರು ಕೃಷ್ಣಸ್ವಾಮಿ, ತುಂಬ ಸಿಹಿಯಾಗಿ.

“ಸೋಮವಾರದ ಮಾತು ಸೋಮವಾರ ಸಾರ್. ಶನಿವಾರ ನಾನಿಲ್ಲೇ ಇರ್ತೀನಿ. ಅಜ್ಜೀನೂ ಇರ್ತಾರೆ.”

ಶನಿವಾರ ಹತ್ತೂವರೆಗೆ ಗೋಕುಲಂನ ಬಿಳಿ ಕಾರು ಬಂದು ನಿಂತಿತು. ಕೃಷ್ಣಸ್ವಾಮಿಯವರು ಜರಿ ಶಲ್ಯ ಹೊದ್ದು, ಬಾಟಲಿಯನ್ನು ಬೆಳ್ಳಿ ತಟ್ಟೆಯಲ್ಲಿಟ್ಟುಕೊಂಡು ಹೊರಟರು. ಗೇಟಿನಲ್ಲಿ ಕಾವಲುಗಾರ ಸಿದ್ದಪ್ಪಾಜಿ ರಿಜಿಸ್ಟರ್ ಬಿಡಿಸಿ ಕಾದಿದ್ದ.

“ಸಾ, ಸಂಗ್ರಹ ಮಾಡ್ದೋರ ಸೈನು?”

“ನಾನೇ ಕಣೋ ನಿರ್ದೇಶಕ!”

“ಅದು ಗೊತ್ತು ಸಾ. ಸುತ್ತೋಲೆ ಮೂವತ್ತೊಂದು, ಹಾಳೇಲಿ ಎಸ್ರಿರೋರ ಸೈನ್ ಇಲ್ದೆ ಯಾವ ಸ್ಯಾಂಪಲ್ಲೂ ಗೇಟ್ ದಾಟೋ ಅಂಗಿಲ್ಲ. ಹೋದ್ ತಿಂಗ್ಳು ತುಳಸಿ ಬಾಟ್ಲು ಬುಟ್ಬುಟ್ಟೆ ಅಂತ ನನಗೆ ಮೆಮೊ ಕೊಟ್ರಲ್ಲ? ‘ನಿರ್ದೇಶಕರೇ ಕೇಳಿದರೂ ಬಿಡತಕ್ಕದ್ದಲ್ಲ’ ಅಂತ ನೀವೇ ಬರ್ದಿದ್ರಿ. ಜೇಬಲ್ಲೇ ಮಡಗಿವ್ನಿ, ಓದ್ಲಾ?”

ತಮ್ಮ ಸ್ಯಾಂಪಲ್ಲುಗಳನ್ನು ಯಾರೂ ಕದಿಯದಿರಲೆಂದು ಕೃಷ್ಣಸ್ವಾಮಿಯವರೇ ಹೊರಡಿಸಿದ್ದ ಸುತ್ತೋಲೆ ಅದು. ಸುತ್ತಿ ಸುತ್ತಿ ಅವರ ಕಾಲಿಗೇ ಬಂದು ಸುತ್ತಿಕೊಂಡಿತ್ತು.

ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಪುಟ್ಟಲಿಂಗಮ್ಮ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಧರಣಿ. ಕೃಷ್ಣಸ್ವಾಮಿಯವರು ಪೆನ್ನು ಚಾಚಿದರು.

“ಅಮ್ಮಾ, ಇಲ್ಲೊಂದು ಸೈನ್ ಹಾಕಿಬಿಡಿ.”

“ಅದೇನು ಬರ್ದವ್ರೆ ಆ ಬಾಟ್ಲು ಮ್ಯಾಲೆ? ಓದವ್ವ ಧರಣಿ.”

ಧರಣಿ ಓದಿದಳು.

“ನನ್ ಮೊಮ್ಮಗಳ ಎಸ್ರು?”

“ಇಲ್ಲಜ್ಜಿ.”

“ನಂದು?”

“ನಿಂದೂ ಇಲ್ಲ.”

ಪುಟ್ಟಲಿಂಗಮ್ಮ ಪೆನ್ನನ್ನು ಕೃಷ್ಣಸ್ವಾಮಿಯವರ ಜೇಬಿಗೇ ಮೆಲ್ಲಗೆ ಸಿಕ್ಕಿಸಿದರು. “ನಾ ಸೈನ್ ಆಕಕ್ಕಿಲ್ಲ ಕಣಪ್ಪ. ಎಸ್ರು ಬರ್ದು, ಇಲಿಗೆ ಕೊಟ್ಟು, ನಿಜ ಅಂದ್ಮೇಲೆ ಬಾ. ಆಗ ನಿಂತ್ಕಂಡೇ ಆಕ್ತೀನಿ.”

“ಹಾಳೇನ ತಿದ್ದಿಸ್ತೀನಿ!”

“ತಿದ್ದಿದ್ರೆ ಸ್ಯಾಂಪಲ್ ರದ್ದು ಸಾ, ಮೂವತ್ತೆರಡು,” ಎಂದ ಸಿದ್ದಪ್ಪಾಜಿ.

ಕಾರಿನವನು ಒಮ್ಮೆ ಹಾರನ್ ಹೊಡೆದ. ಕೃಷ್ಣಸ್ವಾಮಿಯವರ ಶಲ್ಯ ಹೆಗಲಿಂದ ಜಾರಿತು.

“ಹಾಗಾದ್ರೆ ಸುತ್ತೋಲೆ ಮೂವತ್ತೊಂದನ್ನೇ ರದ್ದು ಮಾಡಿದ್ದೀನಿ! ಈಗಲೇ, ಈ ಕ್ಷಣದಿಂದಲೇ! ಬರ್ಕೊ!”

ಸಿದ್ದಪ್ಪಾಜಿ ಬರೆದುಕೊಂಡ. ನಿಧಾನವಾಗಿ, ದುಂಡಗೆ. ಆಮೇಲೆ ರಿಜಿಸ್ಟರಿನ ಮೊದಲ ಪುಟಕ್ಕೆ ಹೋಗಿ, ಅಲ್ಲಿ ಅಂಟಿಸಿದ್ದ ಹಳದಿಗಟ್ಟಿದ ಹಾಳೆಯ ಮೇಲೆ ಬೆರಳಿಟ್ಟ.

“ಸುತ್ತೋಲೆ ಹನ್ನೊಂದು, ಸಾ. ಯಾವ ಸುತ್ತೋಲೆ ರದ್ದು ಮಾಡಬೇಕಾದ್ರೂ ಹದಿನೈದು ದಿನ ಮುಂಚೆ ನೋಟಿಸ್ ಬೋರ್ಡಿಗೆ ಹಾಕತಕ್ಕದ್ದು. ಸಹಿ ನಿಮ್ಮದೇಯ.”

ಹನ್ನೊಂದು ಗಂಟೆಗೆ ಇನ್ನೂ ಹತ್ತು ನಿಮಿಷ ಇತ್ತು. ಹದಿನೈದು ದಿನ ಇರಲಿಲ್ಲ.