ಹೊಳೆಯದ ಕೈ

ಆ ಹುಡುಗಿಗೆ ಸಿಕ್ಕ ಜೋಡಿ ಪ್ಲಾಸ್ಟಿಕ್ಕಿನದು. ನರ್ಸಿಂಗ್ ತರಗತಿಯ ಮೂಲೆಯ ಮಂಚದಲ್ಲಿ ಅಂಗಾತ ಮಲಗಿರುವ ಆ ಬೊಂಬೆಗೆ ಹುಡುಗಿಯರು ಇಟ್ಟ ಹೆಸರು ‘ಬೊಂಬೆ ಭಾವ’. ಭಾವನಿಗೆ ಜ್ವರವಿಲ್ಲ, ನಾಡಿಯಿಲ್ಲ, ಎಷ್ಟು ಚುಚ್ಚಿದರೂ ಹಾ ಎನ್ನುವುದಿಲ್ಲ. ಇಂಥ ಸಾಧು ರೋಗಿ ಇನ್ನೆಲ್ಲಿ ಸಿಗಬೇಕು! ಆದರೆ ನಾಳೆಯ ಪ್ರಾಕ್ಟಿಕಲ್ ಪರೀಕ್ಷೆಗೆ ಭಾವ ನಡೆಯುವುದಿಲ್ಲ. ಜೀವಂತ ಮನುಷ್ಯರ ನಾಡಿ ಹಿಡಿಯಬೇಕು, ಆ ಮನುಷ್ಯರನ್ನು ತಾವೇ ಜೊತೆ ಮಾಡಿಕೊಳ್ಳಬೇಕು. ಉಳಿದವರೆಲ್ಲ ಎಂದೋ ಜೋಡಿಯಾಗಿದ್ದರು. ಅವಳನ್ನು ಯಾರೂ ಕರೆದಿರಲಿಲ್ಲ, ತಾನಾಗಿ ಕೇಳಲು ಅವಳಿಗೆ ಬಾಯಿ ಬಂದಿರಲಿಲ್ಲ.

ಕಾರಣ ಎಲ್ಲರಿಗೂ ಗೊತ್ತು. ಹೋದ ವರ್ಷ ಅವಳಿಗೆ ಕ್ಷಯವಾಗಿತ್ತು. ತಿಂಗಳುಗಟ್ಟಲೆ ಗುಳಿಗೆ ನುಂಗಿ, ಪೂರ್ತಿ ವಾಸಿಯಾಗಿಯೇ ಕ್ಲಾಸಿಗೆ ಮರಳಿದ್ದಳು.

ಅಂದು ಬೆಳಿಗ್ಗೆ ಮೇಡಂ ರೋಗಗಳನ್ನೆಲ್ಲ ಮತ್ತೊಮ್ಮೆ ಓದಿಸುತ್ತಿದ್ದರು. ಟೈಫಾಯ್ಡ್ ಆಯಿತು, ದಡಾರ ಆಯಿತು.

“ಕ್ಷಯ ಹೇಗೆ ಹರಡುತ್ತೆ?”

“ಗಾಳಿಯಿಂದ ಮೇಡಂ!”

“ಮುಟ್ಟಿದ್ರೆ?”

“ಇಲ್ಲ ಮೇಡಂ!”

“ಔಷಧಿ ಮುಗಿಸಿ ವಾಸಿಯಾದವರಿಂದ?”

“ಇಲ್ಲ ಮೇಡಂ!”

ಅರಳು ಹುರಿದಂತೆ ಉತ್ತರ. ಹಾಗೆ ಹೇಳುತ್ತಲೇ ಮುಂದಿನ ಬೆಂಚಿನವಳು ತನ್ನ ನೀರಿನ ಬಾಟಲಿಯನ್ನು ಅವಳಿಂದ ದೂರ ಸರಿಸಿಕೊಂಡಳು. ಇವರ ಬಾಯಿಗೆ ಬಂದ ಪಾಠ ಕೈಗೆ ಬರಲು ಇನ್ನೆಷ್ಟು ವರ್ಷ ಬೇಕೋ!

ಆಮೇಲೆ ಜೋಡಿಗಳು ಒಬ್ಬರ ಕೈ ಒಬ್ಬರು ಹಿಡಿದು ನಾಡಿ ಎಣಿಸಿದರು. ಮೇಡಂ ನಡುವೆ ಓಡಾಡುತ್ತ ಬೆರಳುಗಳನ್ನು ಹಿಡಿದು ತಿದ್ದಿದರು. ಅವಳು ಭಾವನ ತಣ್ಣನೆಯ ಮಣಿಕಟ್ಟು ಹಿಡಿದು ಸುಮ್ಮನೆ ಕೂತಿದ್ದಳು.

ತರಗತಿ ಮುಗಿಯುವ ಹೊತ್ತಿಗೆ ಮೇಡಂ ಕಿಟಕಿ ಮುಚ್ಚಿ ನೀಲಿ ದೀಪ ಹಚ್ಚಿದರು. “ಬೆಳಿಗ್ಗೆ ನಿಮ್ಮ ಕ್ಲಾಸ್ ಲೀಡರ್ ಕೈಗೆ ಗುಟ್ಟಾಗಿ ಒಂದು ಪುಡಿ ಹಚ್ಚಿದ್ದೆ. ಬರಿಗಣ್ಣಿಗೆ ಕಾಣಲ್ಲ, ಈ ಬೆಳಕಲ್ಲಿ ಹೊಳೆಯುತ್ತೆ. ಸೋಂಕು ಹೇಗೆ ಕೈಯಿಂದ ಕೈಗೆ ಹೋಗುತ್ತೆ, ನೀವೇ ನೋಡಿ.”

ಕೈಗಳೆಲ್ಲ ಹೊಳೆದವು. ಹುಡುಗಿಯರು ಕಿರುಚಿದರು, ನಕ್ಕರು. ಮೇಡಂ ಕೈಯೂ ಮಣಿಕಟ್ಟಿನವರೆಗೆ ಮಿಂಚುತ್ತಿತ್ತು. ಕೊನೆಗೆ ಅವಳು ಕೈ ಚಾಚಿದಳು. ಒಂದು ಚುಕ್ಕೆಯೂ ಇಲ್ಲ.

“ಭೇಷ್!” ಎಂದರು ಮೇಡಂ. “ಕೈ ತೊಳೆಯೋದಂದ್ರೆ ಹೀಗೆ. ಚಪ್ಪಾಳೆ ತಟ್ರೇ!”

ಚಪ್ಪಾಳೆ ಬಿತ್ತು. ಅವಳು ಇಷ್ಟು ದಿನ ನುಂಗಿಕೊಂಡದ್ದೆಲ್ಲ ಒಮ್ಮೆಲೇ ಮೇಲೆ ಬಂತು.

“ನಾನು ಕೈ ತೊಳೆದೇ ಇಲ್ಲ ಮೇಡಂ. ಬೆಳಿಗ್ಗೆಯಿಂದ ನನ್ನನ್ನ ಯಾರೂ ಮುಟ್ಟಿಲ್ಲ.”

ಚಪ್ಪಾಳೆ ನಿಂತಿತು. ಲೀಡರ್ ತಲೆ ತಗ್ಗಿಸಿದಳು. ಮೇಡಂ ತಮ್ಮ ಹೊಳೆಯುವ ಅಂಗೈಯನ್ನು ಒಮ್ಮೆ ನೋಡಿಕೊಂಡರು. ಅವರ ಮುಖ ಸಣ್ಣಗಾಯಿತು.

ಆಮೇಲೆ ಸ್ಟೂಲು ಎಳೆದುಕೊಂಡು ಅವಳ ಮುಂದೆ ಕೂತು ಕೈ ನೀಡಿದರು. “ಹಿಡಿಯಮ್ಮ. ನಾಳೆ ನಿನ್ನ ರೋಗಿ ನಾನೇ.”

ಅವಳು ಅವರ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟಳು. ಬೆಚ್ಚಗಿತ್ತು, ಒಳಗೆ ಜೀವ ಬಡಿಯುತ್ತಿತ್ತು. ಎಣಿಸಲು ಹೋಗಿ ಲೆಕ್ಕ ತಪ್ಪಿತು. ಮತ್ತೆ ಮೊದಲಿಂದ ಎಣಿಸಿದಳು.

ಗಂಟೆ ಹೊಡೆಯಿತು. ಎಲ್ಲರೂ ನಲ್ಲಿಯ ಮುಂದೆ ಸಾಲುಗಟ್ಟಿ ಸೋಪು ಹಚ್ಚಿ ತಿಕ್ಕಿ ತೊಳೆದು, ಜೋಡಿ ಜೋಡಿಯಾಗಿ ಹೊರಟರು. ಕೊನೆಗೆ ಅವಳ ಸರದಿ ಬಂತು. ರೋಗಿಯನ್ನು ಮುಟ್ಟಿದ ಮೇಲೆ ಕೈ ತೊಳೆಯಬೇಕೆಂಬ ನಿಯಮ ಅವಳಿಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು. ಆದರೂ ನಲ್ಲಿ ತಿರುಗಿಸಲು ಮನಸ್ಸು ಬರಲಿಲ್ಲ. ಒಬ್ಬಳೇ ಮತ್ತೆ ಒಳಗೆ ಹೋಗಿ, ನೀಲಿ ದೀಪದ ಕೆಳಗೆ ಹೊಳೆಯುವ ಆ ಮೂರು ಬೆರಳುಗಳನ್ನು ಹಿಡಿದು ನೋಡುತ್ತ ನಿಂತಳು.