ಫ್ರೀಜರಿನ ಮೇಲಿನ ಕುಂಕುಮ

ಹವ್ವಮ್ಮನಿಗೆ ಸಹಿ ಹಾಕಲು ಬರುತ್ತಿರಲಿಲ್ಲ, ಗಡ್ಡೆಯ ತುಂಡನ್ನು ಸಂಶೋಧನೆಗೆ ಕೊಡುವ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದಳು, ಅದೇಕೆ ಈಗ ನೆನಪಾಗಬೇಕು — ಫ್ರೀಜರಿನ ಬಾಗಿಲ ಮೇಲೆ ಕುಂಕುಮ ಇನ್ನೂ ಇದೆ, ಹೆಬ್ಬೆರಳಿನಷ್ಟೇ ಅಗಲ, ಅಲ್ಲಿಂದ ಕೆಂಪು ನೀರು ಒಂದೇ ಗೆರೆಯಾಗಿ ಇಳಿದು ಒಣಗಿದೆ, ಮೈನಸ್ ಎಂಬತ್ತು ಡಿಗ್ರಿಯಲ್ಲಿ ಇರಬೇಕಾದ ಪೆಟ್ಟಿಗೆ ಬೆವರಿದರೆ ಕುಂಕುಮ ಹೀಗೆ ಇಳಿಯುತ್ತದೆ ಎಂದು ಪ್ರಣೀತಾಳಿಗೆ ಯಾರೂ ಕಲಿಸಿರಲಿಲ್ಲ. ಆಯುಧಪೂಜೆಯ ದಿನ ಆ ಬೊಟ್ಟು ಇಟ್ಟವಳು ಅವಳೇ, ಬಣ್ಣದ ಬಲ್ಬಿನ ಸರಕ್ಕೆ ಜಾಗವಿಲ್ಲವೆಂದು ಫ್ರೀಜರಿನ ಪ್ಲಗ್ ಕಿತ್ತವಳೂ ಅವಳೇ, ಐದು ನಿಮಿಷ, ಆರತಿ ಮುಗಿಯುವವರೆಗೆ ಅಷ್ಟೆ, ಫ್ರೀಜರು ಬೀಪ್ ಬೀಪ್ ಎಂದು ಹೊಡೆದುಕೊಂಡಿತು, ಆ ಪೀಪಿ ನಿಲ್ಲಿಸಿ ಮಾರಾಯ್ರೆ, ದೇವರಿಗೆ ತಲೆನೋವು ಬರ್ತದೆ, ಎಂದ ಅಟೆಂಡರ್ ಲೋಕಯ್ಯ, ಎಲ್ಲರೂ ನಕ್ಕರು, ಅವಳು ಅಲಾರಂ ಬಂದ್ ಮಾಡಿದಳು, ಅವಲಕ್ಕಿ ತಿಂದಳು, ಬಲ್ಬಿನ ಸ್ವಿಚ್ ಆರಿಸಿದಳು, ಫ್ರೀಜರಿನ ಪ್ಲಗ್ ನೆಲದಲ್ಲೇ ಉಳಿಯಿತು, ಲ್ಯಾಬಿಗೆ ಬೀಗ ಹಾಕಿ ಅತ್ತಾವರದಿಂದ ಹಂಪನಕಟ್ಟೆಗೆ ನಡೆದೇ ಹೋದಳು, ನಾಲ್ಕು ದಿನ ರಜೆ.

ಈಗ ಸೋಮವಾರ, ಮಧ್ಯಾಹ್ನ ಮೂರು, ಬೆಳಿಗ್ಗೆಯಿಂದ ಐದು ಟ್ಯೂಬಿನ ಆರ್‌ಎನ್‌ಎ ತೆಗೆದು ನೋಡಿದ್ದಾಳೆ, ಅದು ಎಷ್ಟು ಇಡಿಯಾಗಿದೆ ಎಂಬುದಕ್ಕೆ ಹತ್ತಕ್ಕೆ ಏಳಾದರೂ ಅಂಕ ಬರಬೇಕು, ಎರಡು, ಒಂದೂವರೆ, ಎರಡು ಪಾಯಿಂಟ್ ಒಂದು, ಪುಡಿ, ಎಲ್ಲ ಪುಡಿ — ಯಾವ ಜೀನು ಜೋರಾಗಿತ್ತು, ಯಾವುದು ಸುಮ್ಮನಿತ್ತು, ಗರ್ಭಕಂಠದ ಕ್ಯಾನ್ಸರ್ ಯಾರಿಗೆ ಮರಳಿ ಬರುತ್ತದೆ ಎಂದು ಮೊದಲೇ ಹೇಳುವ ಗುರುತು ಯಾವುದು, ಅದಕ್ಕೆಂದೇ ಮೂರು ವರ್ಷ ಕಾದದ್ದು, ಚಿಕಿತ್ಸೆಗೆ ಮೊದಲೇ ತೆಗೆದ, ಇನ್ನೊಮ್ಮೆ ಸಿಗದ ತುಂಡುಗಳು, ಸ್ವಲ್ಪ ಸ್ವಲ್ಪ ಮಾಡುತ್ತೇನೆ ಸರ್ ಎಂದರೆ ಗೈಡ್ ಡೆರಿಲ್ ಸರ್ ಬಿಡಲಿಲ್ಲ, ಎಲ್ಲ ಒಟ್ಟಿಗೆ ಮಾಡು, ಇಲ್ಲದಿದ್ರೆ ಯಂತ್ರ ದಿನಕ್ಕೊಂದು ತರ ಅಂಕಿ ಕೊಡ್ತದೆ, ನೀನು ಹೋಲಿಸೋದು ಹೆಂಗಸರನ್ನಲ್ಲ, ಸೋಮವಾರವನ್ನೂ ಮಂಗಳವಾರವನ್ನೂ. ಸರಿ ಹೇಳಿದ್ದರು, ಹಾಗಾಗಿ ಒಂದೂ ಉಳಿಯಲಿಲ್ಲ. ಎಂತ ಉಂಟು ಮಗಳೇ ನನ್ನ ಆ ತುಂಡಲ್ಲಿ, ಹವ್ವಮ್ಮ ಕೇಳಿದ್ದಳು, ಹೆಬ್ಬೆರಳಿನ ನೇರಳೆ ಶಾಯಿಯನ್ನು ಸೀರೆಗೆ ಒರೆಸುತ್ತಾ, ನೋಡಿ ಹೇಳ್ತೇನೆ ಎಂದಿದ್ದಳು ಪ್ರಣೀತಾ, ಹವ್ವಮ್ಮ ಕಳೆದ ರಂಜಾನಿಗೆ ಮೊದಲೇ ತೀರಿಹೋದಳು, ತೊಕ್ಕೊಟ್ಟು ಬಸ್ಸಿನಲ್ಲಿ ಮಗಳು ಸುಮಯ್ಯಾ ಸಿಕ್ಕಾಗಲೆಲ್ಲ ಅದೇ ಮಾತು, ಉಮ್ಮನ ತುಂಡು ಈಗಲೂ ಅಲ್ಲಿ ಉಂಟಲ್ಲ ಅಕ್ಕ, ಉಂಟು, ಉಂಟು ಸುಮಯ್ಯಾ.

ಕರೆಂಟು ಹೋಯ್ತು ಅಂತ ಹೇಳಿ ಮೇಡಂ, ಪ್ಲಗ್ ಹಾಕಿ ಆಯ್ತಲ್ಲ, ಇನ್ನು ಯಾರು ನೋಡ್ತಾರೆ, ಬಾಗಿಲಲ್ಲಿ ಲೋಕಯ್ಯ ಪಿಸುಗುಡುತ್ತಾನೆ, ಕೈಯಲ್ಲಿ ಒದ್ದೆ ಬಟ್ಟೆ, ಅದನ್ನೊಮ್ಮೆ ಒರೆಸಿಬಿಡ್ಲಾ, ಆ ಕೆಂಪು — ಒರೆಸಿದರೆ ಮುಗಿಯಿತು, ಟ್ಯೂಬುಗಳು ಮತ್ತೆ ಕಲ್ಲಾಗಿವೆ, ಹೊರಗಿನಿಂದ ವ್ಯತ್ಯಾಸವೇ ಇಲ್ಲ, ಪುಡಿಯಿಂದಲೂ ಯಂತ್ರ ಏನೋ ಒಂದು ಅಂಕಿ ಕೊಡುತ್ತದೆ, ಅಂಕಿಯಿಂದ ಒಂದು ಪೇಪರು, ಪೇಪರಿನಿಂದ ಡಾಕ್ಟರೇಟು, ಮತ್ತೆ ಯಾರೋ ಒಬ್ಬಳಿಗೆ, ಆ ಗುರುತು ನಂಬಿ, ನಿನಗೆ ಮರಳಿ ಬರುವುದಿಲ್ಲ ಹೋಗಮ್ಮ ಎನ್ನುತ್ತಾರೆ. ಮೆಟ್ಟಿಲಲ್ಲಿ ಡೆರಿಲ್ ಸರ್ ಅವರ ಶೂ ಸದ್ದು. ಬೇಡ ಲೋಕಯ್ಯಣ್ಣ, ಒರೆಸಬೇಡಿ. ಎಂತ ಪ್ರಣೀತಾ, ಮುಖ ಯಾಕೆ ಹಾಗೆ ಉಂಟು? ಪ್ಲಗ್ ತೆಗೆದದ್ದು ನಾನು ಸರ್. ಸರ್ ಅವಳನ್ನು ನೋಡುವುದಿಲ್ಲ, ಬಾಗಿಲನ್ನು ನೋಡುತ್ತಾರೆ, ಅವಳೂ ನೋಡುತ್ತಾಳೆ, ಹೆಬ್ಬೆರಳಿನಷ್ಟು ಕುಂಕುಮ, ಕೆಳಗೆ ಒಂದು ಗೆರೆ. ಎಷ್ಟು ಹೋಯ್ತು? ನಲವತ್ತೊಂದು ಟ್ಯೂಬು. ನಲವತ್ತೊಂದು ಹೆಂಗಸರು, ಅವರಲ್ಲಿ ಹತ್ತೊಂಬತ್ತು ಮಂದಿ ಈಗ ಇಲ್ಲ.